ಓದುಗರ ಪ್ರಶ್ನೆ: ಬೆಲ್ಟ್ ತಂದಾಯಿತು, ಕಟ್ಟುವುದೆಲ್ಲಿಗೆ?

ಹಂಚು ಸರಿಮಾಡುವುದು, ಶೀಟು ಹೊದಿಸುವುದು, ಅಡಿಕೆಗೆ ಔಷಧಿ ಹೊಡೆಯುವುದು ಎಲ್ಲವೂ ಮಲೆನಾಡಿನಲ್ಲಿ ಮಳೆ ಹಿಡಿಯುವ ಹೊತ್ತಿಗೇ ಒಟ್ಟಾಗಿ ಬರುತ್ತವೆ. ಹಾಗಾಗಿ ಎತ್ತರದಲ್ಲಿ ಕೆಲಸ ಮಾಡುವವರ ಸುರಕ್ಷತೆಯ ಕುರಿತು ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಂದೆಡೆ ಎತ್ತಿಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಮ್ಮದು ಹಳೆಯ ಅಡಿಕೆ ತೋಟ, ಕೆಲವು ಮರಗಳು 60 ಅಡಿ ದಾಟಿವೆ. ಪಕ್ಕದ ತೋಟದಲ್ಲಿ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರೊಬ್ಬರು ಬಿದ್ದು ಬೆನ್ನುಮೂಳೆ ಮುರಿದುಕೊಂಡ ಮೇಲೆ ನಾನು ಆನ್‌ಲೈನಿನಲ್ಲಿ ಸೊಂಟಕ್ಕೆ ಕಟ್ಟುವ ಸೇಫ್ಟಿ ಬೆಲ್ಟ್ ತರಿಸಿದೆ. ನಮ್ಮ ಕೊನೆಗಾರ ಅದನ್ನು ಒಮ್ಮೆ ಕಟ್ಟಿ ನೋಡಿ, "ಇದನ್ನ ಕಟ್ಕಂಡು ಮರದಿಂದ ಮರಕ್ಕೆ ಹೋಗೋದು ಹೆಂಗೆ ಗೌಡ್ರೇ?" ಎಂದು ಬಿಚ್ಚಿಟ್ಟ. ಬೆಲ್ಟ್ ಅಂಗಳದ ಗೂಟದಲ್ಲಿ ನೇತಾಡುತ್ತಿದೆ. ಏನು ಮಾಡಲಿ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಕೊನೆಗಾರ ಕೇಳಿರುವುದು ಸರಿಯಾದ ಪ್ರಶ್ನೆ. ಅವರನ್ನು ಹಟಮಾರಿ ಎಂದುಕೊಳ್ಳಬೇಡಿ. ಕಟ್ಟಡದ ಕೆಲಸಕ್ಕೆಂದು ತಯಾರಾದ ಬೆಲ್ಟನ್ನು ತೋಟಕ್ಕೆ ತಂದು ಕೊಟ್ಟ ಮಾತ್ರಕ್ಕೆ ಮರ ಹತ್ತುವವರಿಗೆ ರಕ್ಷಣೆ ಸಿಕ್ಕುವುದಿಲ್ಲ. ಬೆಲ್ಟಿನಿಂದ ಹೊರಟ ಹಗ್ಗ ಎಲ್ಲಿಗೆ ಕಟ್ಟಿದೆ, ಎಷ್ಟು ಸಡಿಲವಾಗಿದೆ, ಆ ಜಾಗ ಎಷ್ಟು ಭಾರ ತಡೆಯುತ್ತದೆ ಎಂಬ ಮೂರು ಸಂಗತಿಗಳು ತೀರ್ಮಾನವಾಗುವವರೆಗೆ ಬೆಲ್ಟು ಮೈಮೇಲಿನ ಇನ್ನೊಂದು ಭಾರ ಮಾತ್ರ.

ಮೊದಲು ಸೊಂಟದ ಬೆಲ್ಟಿನ ವಿಷಯ. 70 ಕೆ.ಜಿ. ತೂಕದ ಮನುಷ್ಯ ಒಂದೂವರೆ ಮೀಟರ್ ಬೀಳುವುದಕ್ಕೆ ಸುಮಾರು ಅರ್ಧ ಸೆಕೆಂಡು ಸಾಕು. ಅಷ್ಟರಲ್ಲಿ ಅವನ ವೇಗ ಗಂಟೆಗೆ 19 ಕಿ.ಮೀ. ದಾಟಿರುತ್ತದೆ. ಹಿಗ್ಗದ ಹಗ್ಗವೊಂದು ಅವನನ್ನು ಹತ್ತು ಸೆಂಟಿಮೀಟರಿನೊಳಗೆ ನಿಲ್ಲಿಸಿತು ಎಂದಿಟ್ಟುಕೊಂಡರೆ, ಆ ಕ್ಷಣದಲ್ಲಿ ಅವನ ದೇಹದ ಮೇಲೆ ಬೀಳುವ ಎಳೆತ ಸರಾಸರಿಯಲ್ಲೇ ಸಾವಿರ ಕೆ.ಜಿ. ಭಾರವನ್ನು ಮೀರುತ್ತದೆ. ಇಷ್ಟನ್ನೂ ನಾಲ್ಕು ಬೆರಳಗಲದ ಒಂದು ಪಟ್ಟಿ ಹೊಟ್ಟೆಯ ಮೇಲೆ ತಡೆದರೆ ಒಳಗಿನ ಅಂಗಾಂಗಗಳಿಗೂ ಬೆನ್ನುಮೂಳೆಗೂ ಪೆಟ್ಟಾಗುತ್ತದೆ. ದೇಹ ತಲೆಕೆಳಗಾಗಿ ಪಟ್ಟಿಯಿಂದ ಜಾರಿ ಹೋಗುವ ಸಂಭವವೂ ಇದೆ. ಅಮೆರಿಕದಲ್ಲಿ ಬೀಳುವವರನ್ನು ತಡೆಯುವ ಸಾಧನವಾಗಿ ಸೊಂಟದ ಬೆಲ್ಟನ್ನು ಬಳಸುವುದು 1998ರ ಜನವರಿಯಿಂದಲೇ ನಿಷಿದ್ಧ. ತೊಡೆ, ಪೃಷ್ಠ, ಎದೆ, ಭುಜಗಳನ್ನು ಸುತ್ತುವ ಪೂರ್ಣ ದೇಹದ ಹಾರ್ನೆಸ್ ಇದೇ ಎಳೆತವನ್ನು ದೇಹದ ಗಟ್ಟಿ ಭಾಗಗಳಿಗೆ ಹಂಚುತ್ತದೆ ಮತ್ತು ಬಿದ್ದವರನ್ನು ನೆಟ್ಟಗೆ ಹಿಡಿದಿಡುತ್ತದೆ. ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಐಎಸ್ 3521 ಅಥವಾ ಯುರೋಪಿನ ಇಎನ್ 361 ಎಂಬ ಗುರುತು, ತಯಾರಾದ ತಿಂಗಳು–ವರ್ಷ, ಕ್ರಮಸಂಖ್ಯೆ ಇವು ಪಟ್ಟಿಗೆ ಹೊಲಿದ ಚೀಟಿಯಲ್ಲಿ ಇವೆಯೇ ಎಂದು ನೋಡಿ. ಚೀಟಿಯೇ ಇಲ್ಲದ ಮಾಲನ್ನು ಎಷ್ಟೇ ಅಗ್ಗವಾದರೂ ತರಬೇಡಿ.

ಸೊಂಟದ ಪಟ್ಟಿಗೆ ಇನ್ನೊಂದು ನ್ಯಾಯವಾದ ಕೆಲಸವಿದೆ. ಮರದ ಕಾಂಡವನ್ನು ಸುತ್ತಿ ಬಂದ ಪಟ್ಟಿಗೆ ಒರಗಿ, ಕೈಗಳೆರಡನ್ನೂ ಬಿಟ್ಟು ನಿಲ್ಲಲು ಅದು ಅನುಕೂಲ. ವಿದ್ಯುತ್ ಕಂಬ ಹತ್ತುವ ಲೈನ್‌ಮನ್‌ಗಳು ಬಳಸುವುದು ಇದನ್ನೇ. ಇಲ್ಲಿ ಹಗ್ಗ ಯಾವಾಗಲೂ ಬಿಗಿಯಾಗಿ ಇರುವುದರಿಂದ ದೇಹ ಬೀಳುವುದಕ್ಕೆ ಅವಕಾಶವೇ ಕಡಿಮೆ. ಅಡಿಕೆ ಮರಕ್ಕೆ ಹೊಂದುವುದು ಈ ಕ್ರಮ, ಆದರೆ ಅದೊಂದನ್ನೇ ನೆಚ್ಚುವಂತಿಲ್ಲ. ಮರ ಹತ್ತಲು ಕಾಲಿಗೆ ಹಾಕಿಕೊಳ್ಳುವ ಬಳೆಯಾದ ತಳೆ ಜಾರಿದರೆ ಕಾಂಡವನ್ನು ಸುಮ್ಮನೆ ಸುತ್ತಿದ ಪಟ್ಟಿಯೂ ಮರದುದ್ದಕ್ಕೂ ಸರ್ರನೆ ಕೆಳಗೆ ಜಾರುತ್ತದೆ, ಅದರಲ್ಲೂ ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಡದಲ್ಲಿ. ಆದ್ದರಿಂದ ಒರಗುವ ಪಟ್ಟಿಯ ಜೊತೆಗೆ, ಎಳೆದಷ್ಟೂ ಕಾಂಡಕ್ಕೆ ಬಿಗಿಯುವಂತೆ ಕುಣಿಕೆ ಹಾಕಿದ ಎರಡನೆಯ ಪಟ್ಟಿಯೊಂದು ಎದೆಯ ಮಟ್ಟಕ್ಕಿಂತ ಮೇಲಿರಬೇಕು; ಅದು ಪೂರ್ಣ ದೇಹದ ಹಾರ್ನೆಸ್ಸಿಗೆ ಸೇರಿರಬೇಕು. ಮೇಲೇರುವಾಗ ಒಂದನ್ನು ಸರಿಸಿ ಬಿಗಿದ ಮೇಲೆಯೇ ಇನ್ನೊಂದನ್ನು ಸಡಿಲಿಸುವುದು ನಿಯಮ. ಸಡಿಲು ಗೇಣಿಗಿಂತ ಹೆಚ್ಚಿರಬಾರದು, ಏಕೆಂದರೆ ಅಡಿಕೆ ಮರದ ಕಾಂಡ ಇಷ್ಟು ಭಾರ ತಡೆಯುತ್ತದೆ ಎಂದು ಯಾರೂ ಪರೀಕ್ಷಿಸಿ ಮುದ್ರೆ ಒತ್ತಿ ಕೊಟ್ಟಿರುವುದಿಲ್ಲ. ಅದರ ಮೇಲೆ ಜಗ್ಗಿನ ಭಾರ ಬೀಳದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು.

ಹತ್ತುವ ಮೊದಲು ಮರವನ್ನು ಓದಬೇಕಾಗುತ್ತದೆ. ಪಡುವಣ ಬಿಸಿಲು ಬಡಿದು ನೈಋತ್ಯದ ಮಗ್ಗುಲು ಕಂದಿ, ಉದ್ದಕ್ಕೆ ಸೀಳು ಬಿಟ್ಟ ಮರ ಮೇಲ್ನೋಟಕ್ಕೆ ಗಟ್ಟಿ ಕಂಡರೂ ಅಲ್ಲಿಯೇ ಮುರಿಯುತ್ತದೆ. ಬುಡದಲ್ಲಿ ಅಣಬೆ ಎದ್ದ ಮರ, ತೊಡೆಯಷ್ಟಿದ್ದ ಕಾಂಡ ಮೇಲೆ ಹೋಗುತ್ತಾ ತಟ್ಟನೆ ಸಣ್ಣಗಾದ ಮರ, ಗೆದ್ದಲು ತಿಂದ ಮರ ಇವಕ್ಕೆ ಬಣ್ಣದಲ್ಲಿ ಗುರುತು ಹಾಕಿ, ಯಾರನ್ನೂ ಹತ್ತಿಸಬೇಡಿ. ಅನುಭವಿ ಕೊನೆಗಾರರು ಬುಡಕ್ಕೆ ಕತ್ತಿಯ ಹಿಂಬದಿಯಿಂದ ತಟ್ಟಿ ಸದ್ದಿನಲ್ಲೇ ಪೊಳ್ಳನ್ನು ಗುರುತಿಸುತ್ತಾರೆ. ಅವರು ಬೇಡವೆಂದ ಮರದ ಫಸಲು ಹೋಗಲಿ ಬಿಡಿ.

ಇನ್ನು ಮರದಿಂದ ಮರಕ್ಕೆ ದಾಟುವುದು. ಕೂತ ಮರವನ್ನು ತೂಗಿ, ಪಕ್ಕದ ಮರವನ್ನು ಎಳೆದು ಹಿಡಿದು ದಾಟುವ ಆ ಕೌಶಲ ನೋಡುವವರ ಎದೆ ಝಲ್ಲೆನಿಸುವಂಥದು; ಆದರೆ ಅದಕ್ಕೂ ಹಾರ್ನೆಸ್ಸಿಗೂ ಹೊಂದಾಣಿಕೆಯಿಲ್ಲ. ದಾಟುವಾಗ ಎರಡೂ ಮರಗಳಿಗೆ ಪಟ್ಟಿ ಹಾಕಿಕೊಂಡರೆ, ಬಾಗಿದ ಮರಗಳು ತಮ್ಮ ತಮ್ಮ ಜಾಗಕ್ಕೆ ಚಿಮ್ಮುವ ಬಲವನ್ನೆಲ್ಲ ನಡುವೆ ಸಿಕ್ಕಿದ ಮನುಷ್ಯ ತಾಳಬೇಕಾಗುತ್ತದೆ. ಪಟ್ಟಿ ಬಿಚ್ಚಿ ದಾಟಿದರೆ ಅತ್ಯಂತ ಅಪಾಯದ ಆ ಗಳಿಗೆಯಲ್ಲೇ ರಕ್ಷಣೆ ಇರುವುದಿಲ್ಲ. ಆದುದರಿಂದ ಬೆಲ್ಟ್ ಹಾಕಿಸುವ ಮನಸ್ಸಿದ್ದರೆ ಪ್ರತಿ ಮರವನ್ನೂ ಇಳಿದು ಹತ್ತುವುದಕ್ಕೆ ನೀವು ಒಪ್ಪಬೇಕು. ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ದಿನಕ್ಕೆ ಇಳಿಯುವ ಕೊನೆಗಳು ಕಡಿಮೆಯಾಗುತ್ತವೆ. ಇಳಿಸಿದ ಕೊನೆಗಳ ಲೆಕ್ಕದಲ್ಲಿ ಕೂಲಿ ಕೊಡುತ್ತಾ ಬೆಲ್ಟ್ ಕಟ್ಟಿಕೊಳ್ಳಿ ಎಂದರೆ, ಸುರಕ್ಷತೆಯ ಖರ್ಚನ್ನು ಕೊನೆಗಾರರ ಕೂಲಿಯಿಂದಲೇ ಮುರಿದುಕೊಂಡಂತಾಗುತ್ತದೆ. ದಿನದ ಕೂಲಿಗೆ ಮಾತಾಡಿ ನೋಡಿ. ಬೆಲ್ಟು ಗೂಟದಿಂದ ತಾನೇ ಇಳಿಯುವ ಸಾಧ್ಯತೆ ಹೆಚ್ಚು.

ಯಾರೂ ಹತ್ತದೆಯೇ ಕೆಲಸವಾಗುವುದಾದರೆ ಅದಕ್ಕಿಂತ ಮೇಲು ಯಾವುದೂ ಇಲ್ಲ. ಕಾರ್ಬನ್ ಫೈಬರಿನ ಉದ್ದ ಕೋಲಾದ ದೋಟಿಯಿಂದ ನೆಲದಲ್ಲೇ ನಿಂತು ಕೊನೆ ಇಳಿಸುವುದು, ಔಷಧಿ ಹೊಡೆಯುವುದು ಈಗ ಮಲೆನಾಡಿನ ತೋಟಗಳಲ್ಲಿ ಹೊಸತೇನಲ್ಲ. ಬಂಟ್ವಾಳ ಕಡೆಯ ಕೃಷಿಕರೊಬ್ಬರು ರೂಪಿಸಿದ ಮರ ಏರುವ ಬೈಕೂ ಇದೆ. ದೋಟಿ ಹಿಡಿಯುವವರಿಗೆ ಒಂದು ಎಚ್ಚರ: ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ಏಣಿಗೆ ಹೆದರುವಷ್ಟೇ ಇದಕ್ಕೂ ಹೆದರಬೇಕು. ತೋಟದ ಮೇಲೆ ಅಥವಾ ಅಂಚಿನಲ್ಲಿ ಲೈನು ಹಾದುಹೋಗಿದ್ದರೆ, ಆ ಸಾಲಿನ ಕೆಲಸವನ್ನು ಮೆಸ್ಕಾಂ ಕಚೇರಿಗೆ ತಿಳಿಸಿ ಲೈನಿನ ವಿದ್ಯುತ್ ನಿಲ್ಲಿಸಿದ ದಿನವೇ ಮಾಡಿಸಿ.

ಪ್ರಶ್ನೆ: ಔಷಧಿ ಹೊಡೆಯುವಾಗ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣ ಹಾರ್ನೆಸ್ಸಿನ ಮೇಲೆಲ್ಲ ಬಿದ್ದು ನೀಲಿಯಾಗಿದೆ. ತೊಳೆದರೆ ಸಾಕೇ? ಎಷ್ಟು ವರ್ಷ ಬಳಸಬಹುದು?
— ಓದುಗರು, ಕೊಪ್ಪ

ಉತ್ತರ: ಬಣ್ಣ ಹತ್ತಿದ್ದರಿಂದ ತೊಂದರೆಯಿಲ್ಲ, ಆದರೆ ಅದನ್ನು ಹಾಗೆಯೇ ಒಣಗಲು ಬಿಡಬೇಡಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕುವ ಶೇಕಡಾ 1ರ ದ್ರಾವಣದಲ್ಲಿ ತುತ್ತದ ನೀರು ಆಮ್ಲೀಯ, ಸುಣ್ಣದ ನೀರು ಕ್ಷಾರೀಯ. ನೈಲಾನಿಗೆ ಆಮ್ಲ ಆಗದು, ಪಾಲಿಯೆಸ್ಟರಿಗೆ ತೀಕ್ಷ್ಣ ಕ್ಷಾರ ಆಗದು. ಹದವಾಗಿ ಬೆರೆತ ಬೋರ್ಡೋ ಎರಡರ ತೀವ್ರತೆಯನ್ನೂ ಕಳೆದುಕೊಂಡಿರುತ್ತದೆ, ಆದರೆ ಬೇರೆ ಬೇರೆ ಪೀಪಾಯಿಗಳಲ್ಲಿ ಕಲಸುವಾಗ ಸಿಡಿದದ್ದು ಹಾಗಲ್ಲ. ಆದ್ದರಿಂದ ಕಲಸುವ ಜಾಗದಿಂದ ಹಾರ್ನೆಸ್ಸನ್ನು ದೂರ ಇಡಿ. ಸಂಜೆಯೇ ತಣ್ಣೀರಿನಲ್ಲಿ, ಬೇಕಿದ್ದರೆ ಮೈಸೋಪಿನ ತೆಳು ನೊರೆಯಲ್ಲಿ ತೊಳೆದು, ನೆರಳಿನಲ್ಲಿ ಗಾಳಿಗೆ ತೂಗುಹಾಕಿ. ಒಲೆಯ ಮೇಲಿನ ಅಟ್ಟದಲ್ಲಿ, ಅಡಿಕೆ ಬೇಯಿಸುವ ಹಂಡೆಯ ಬಳಿ, ಬಿಸಿಲಿನ ಅಂಗಳದಲ್ಲಿ ಒಣಗಿಸುವುದು ಬೇಡ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಪಟ್ಟಿ ಕಣ್ಣಿಗೆ ಕಾಣದಂತೆ ಸವೆಯುತ್ತದೆ; ಬಣ್ಣ ಮಾಸಿ ಗಡುಸಾದಾಗ ನಮಗೆ ಗೊತ್ತಾಗುತ್ತದೆ.

ವರ್ಷದ ಲೆಕ್ಕವನ್ನು ತಯಾರಕರ ಚೀಟಿ ಹೇಳುತ್ತದೆ, ಆದರೆ ಅದಕ್ಕೂ ಮೊದಲೇ ಬಿಸಾಡಬೇಕಾದ ಸಂದರ್ಭಗಳಿವೆ. ಒಮ್ಮೆ ಬಿದ್ದವರನ್ನು ಹಿಡಿದ ಹಾರ್ನೆಸ್ಸೂ ಅದರ ಹಗ್ಗವೂ ಮತ್ತೆ ಬಳಕೆಗಲ್ಲ, ಹೊರಗಿನಿಂದ ಹೊಸದರಂತೆ ಕಂಡರೂ. ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ಲಿನಂತೆ ಬಾಗಿಸಿ, ಅಂಚಿನುದ್ದಕ್ಕೂ ಬೆರಳಾಡಿಸಿ: ಕತ್ತಿ ತಾಗಿದ ಸಣ್ಣ ಗಾಯ, ಮೇಲೆದ್ದ ಎಳೆ, ಬಿಚ್ಚಿದ ಹೊಲಿಗೆ ಆಗ ಕಾಣುತ್ತದೆ. ಹೊಲಿಗೆಯ ದಾರ ಪಟ್ಟಿಗಿಂತ ಬೇರೆ ಬಣ್ಣದಲ್ಲಿ ಇರುವುದೇ ಹೀಗೆ ನೋಡಲು ಅನುಕೂಲವಾಗಲೆಂದು. ಬಿಚ್ಚಿದ ಹೊಲಿಗೆಯನ್ನು ಊರಿನ ಟೈಲರ್ ಹತ್ತಿರ ಹೊಲಿಸಬೇಡಿ. ಬಿಸಾಡುವಾಗ ಪಟ್ಟಿಗಳನ್ನು ಕತ್ತರಿಸಿ ಬಿಸಾಡಿ. ಇಲ್ಲವಾದರೆ ಅದು ಇನ್ನೊಬ್ಬರ ಮೈಮೇಲೆ ಮರ ಹತ್ತುತ್ತದೆ.

ಪ್ರಶ್ನೆ: ನಾನು ಶೀಟು ಹೊದಿಸುವ ಸಣ್ಣ ಕಂಟ್ರಾಕ್ಟರ್. ಹುಡುಗರಿಗೆ ಒಳ್ಳೆಯ ಕಂಪನಿಯ ಫುಲ್ ಬಾಡಿ ಹಾರ್ನೆಸ್, ಶಾಕ್ ಅಬ್ಸಾರ್ಬರ್ ಇರುವ 2 ಮೀಟರ್ ಹಗ್ಗ ಕೊಡಿಸಿದ್ದೇನೆ. ಆದರೂ 14 ಅಡಿ ಎತ್ತರದ ಗೋದಾಮಿನ ಚಾವಣಿಯ ಅಂಚಿನಿಂದ ಜಾರಿದ ಹುಡುಗನ ಕಾಲು ನೆಲಕ್ಕೆ ಬಡಿದು ಹಿಮ್ಮಡಿ ಒಡೆಯಿತು. ಹುಕ್ಕನ್ನು ಅವನು ಕಾಲಬುಡದ, ಶೀಟು ಕೂರುವ ಕಬ್ಬಿಣದ ಅಡ್ಡತೊಲೆಯಾದ ಪರ್ಲಿನ್‌ಗೆ ಹಾಕಿದ್ದ. ಹಗ್ಗ ತುಂಡಾಗಿಲ್ಲ, ಅಬ್ಸಾರ್ಬರಿನ ಚೀಲ ಅರ್ಧ ಬಿಚ್ಚಿಕೊಂಡಿದೆ. ಮಾಲಿನಲ್ಲಿ ದೋಷವಿದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ನೀವು ಕೊಟ್ಟ ವಿವರ ನೋಡಿದರೆ ಮಾಲು ತನ್ನ ಕೆಲಸವನ್ನು ಮಾಡಲು ತೊಡಗಿತ್ತು; ಅದಕ್ಕೆ ಜಾಗ ಸಾಲಲಿಲ್ಲ. ಲೆಕ್ಕವನ್ನು ಹುಕ್ಕು ಹಾಕಿದ ಜಾಗದಿಂದ ಕೆಳಕ್ಕೆ ಮಾಡಬೇಕು. ಹಗ್ಗದ ಉದ್ದ 2 ಮೀಟರ್. ಮಡಿಸಿ ಹೊಲಿದ ಅಬ್ಸಾರ್ಬರಿನ ಪಟ್ಟಿ ಒಂದೊಂದೇ ಹೊಲಿಗೆ ಹರಿಯುತ್ತಾ ಬಿಚ್ಚಿಕೊಂಡು ಎಳೆತವನ್ನು ಸುಮಾರು 600 ಕೆ.ಜಿ. ಭಾರದೊಳಗೆ ಹಿಡಿದಿಡುತ್ತದೆ, ಅದು ಪೂರ್ತಿ ಬಿಚ್ಚಿಕೊಂಡರೆ 1.75 ಮೀಟರ್ ಆಗಬಹುದು. ಹಗ್ಗ ಸೇರಿಸುವ ಬೆನ್ನಿನ ಡಿ ರಿಂಗಿನಿಂದ ಪಾದದವರೆಗೆ ಒಂದೂವರೆ ಮೀಟರ್. ಇದರ ಮೇಲೆ ಒಂದು ಮೀಟರ್ ಹೆಚ್ಚುವರಿ ಜಾಗ ಬೇಕು. ಒಟ್ಟು ಆರೂಕಾಲು ಮೀಟರ್, ಅಂದರೆ 20 ಅಡಿಗೂ ಹೆಚ್ಚು. ನಿಮ್ಮ ಹುಡುಗನಿಗೆ ಇದ್ದದ್ದು 14 ಅಡಿ, ಎಂದರೆ ಸುಮಾರು 4.25 ಮೀಟರ್. ಹಗ್ಗ ಬಿಗಿಯಾಗುವ ಹೊತ್ತಿಗೇ ಅವನ ಪಾದಗಳು ಹುಕ್ಕಿನಿಂದ ಮೂರೂವರೆ ಮೀಟರ್ ಕೆಳಗಿದ್ದವು. ಅಬ್ಸಾರ್ಬರಿಗೆ ಉಳಿದದ್ದು ಮುಕ್ಕಾಲು ಮೀಟರ್. ಅಷ್ಟು ಬಿಚ್ಚುವಷ್ಟರಲ್ಲಿ ನೆಲ ಬಂತು. ಚೀಲ ಅರ್ಧ ಬಿಚ್ಚಿದ್ದಕ್ಕೆ ಕಾರಣ ಇದು.

ಹುಕ್ಕು ಕಾಲಬುಡದಲ್ಲಿದ್ದುದೇ ಇಲ್ಲಿ ಮುಖ್ಯ ದೋಷ. ಬೆನ್ನಿನ ರಿಂಗು ಹುಕ್ಕಿಗಿಂತ ಒಂದೂವರೆ ಮೀಟರ್ ಮೇಲಿದ್ದು, ಅಲ್ಲಿಂದ ಹುಕ್ಕಿನ ಮಟ್ಟಕ್ಕೆ ಬಂದು, ಮತ್ತೆ ಎರಡು ಮೀಟರ್ ಕೆಳಗೆ ಹೋದ ಮೇಲಷ್ಟೇ ಹಗ್ಗ ಬಿಗಿಯುತ್ತದೆ. ಅಂದರೆ ತಡೆಯೇ ಇಲ್ಲದೆ ಮೂರೂವರೆ ಮೀಟರ್ ಬಿದ್ದಂತಾಯಿತು. ಅದೇ ಹಗ್ಗವನ್ನು ತಲೆಯ ಮೇಲಿನ ಗಟ್ಟಿ ತೊಲೆಗೆ ಹಾಕಿದ್ದರೆ ಬೀಳುವ ದೂರ ಕೆಲವು ಗೇಣುಗಳಿಗೆ ಇಳಿಯುತ್ತಿತ್ತು. ಆದರೆ ಚಾವಣಿಯ ಮೇಲೆ ನಿಂತವರ ತಲೆಯ ಮೇಲೆ ಆಕಾಶವಲ್ಲದೆ ಬೇರೇನೂ ಇರುವುದಿಲ್ಲ ಎಂಬುದು ನಿಮ್ಮ ಕಸುಬಿನ ಕಷ್ಟ. ಇಂಥ ತಗ್ಗು ಚಾವಣಿಗಳಲ್ಲಿ ಬಿದ್ದ ಮೇಲೆ ಹಿಡಿಯುವ ಯೋಚನೆಯನ್ನೇ ಬಿಟ್ಟು, ಅಂಚಿಗೆ ತಲುಪಲಾಗದಂತೆ ಹಗ್ಗವನ್ನು ಅಳೆದು ಕಟ್ಟುವುದು ಸರಿಯಾದ ದಾರಿ. ಚಾವಣಿಯ ನೆತ್ತಿಯಲ್ಲಿ, ಚಾವಣಿ ಹೊತ್ತ ಟ್ರಸ್ಸಿನ ಗಟ್ಟಿ ಸಂದಿಗೆ ಕಟ್ಟಿದ ಹಗ್ಗದ ಉದ್ದ ಅಂಚಿಗಿಂತ ಎರಡು ಅಡಿ ಮೊದಲೇ ಮುಗಿದರೆ, ಜಾರಿದ ಹುಡುಗ ಚಾವಣಿಯ ಮೇಲೆಯೇ ನಿಲ್ಲುತ್ತಾನೆ. ಅಂಚಿನ ಸಾಲಿನ ಶೀಟನ್ನು ಮೇಲಿನಿಂದ ಹೊದಿಸುವ ಬದಲು ಹೊರಗಡೆ ಸಾರುವೆ ಕಟ್ಟಿಸಿ, ಅದಕ್ಕೆ ಸೊಂಟದೆತ್ತರದ ಅಡ್ಡಪಟ್ಟಿ ಕೊಟ್ಟು, ಅಲ್ಲಿಂದಲೇ ಬಿಗಿಸಿ. ಸಾರುವೆಯ ಬಾಡಿಗೆ ಆಸ್ಪತ್ರೆಯ ಬಿಲ್ಲಿಗಿಂತ ಕಡಿಮೆಯೆಂದು ಈಗ ನಿಮಗೆ ನಾನು ಹೇಳಬೇಕಾಗಿಲ್ಲ.

ಕಟ್ಟುವ ಜಾಗ ಒಬ್ಬೊಬ್ಬರಿಗೂ 1200 ಕೆ.ಜಿ. ಭಾರದ ಎಳೆತವನ್ನಾದರೂ ತಡೆಯುವಂತಿರಬೇಕು ಎಂಬುದು ಯುರೋಪಿನ ಮಾನದಂಡ. ಅಮೆರಿಕದ ನಿಯಮ ಇನ್ನೂ ಬಿಗಿ, ಸುಮಾರು 2270 ಕೆ.ಜಿ. ನೀರಿನ ಟ್ಯಾಂಕಿನ ಪೈಪು, ಕಿಟಕಿಯ ಗ್ರಿಲ್ಲು, ಇಟ್ಟಿಗೆಯ ಪ್ಯಾರಾಪೆಟ್ಟು, ಸಾರುವೆಯ ಬಿದಿರು ಇವು ಯಾವುವೂ ಈ ಲೆಕ್ಕಕ್ಕೆ ಬರುವುದಿಲ್ಲ. ತೆಳುವಾದ ಪರ್ಲಿನ್ನೂ ಸಂಶಯದ್ದೇ. ಒಂದೇ ಜಾಗಕ್ಕೆ ಇಬ್ಬರು ಹುಕ್ಕು ಹಾಕಬಾರದು. ಹುಕ್ಕು ಹಾಕಿದ ಜಾಗದಿಂದ ಬಹಳ ಪಕ್ಕಕ್ಕೆ ಸರಿದು ಕೆಲಸ ಮಾಡುವವರು ಬಿದ್ದರೆ ತೂಗಿಕೊಂಡು ಹೋಗಿ ಗೋಡೆಗೋ ಕಂಬಕ್ಕೋ ಬಡಿಯುತ್ತಾರೆ. ಆಗ ನೆಲ ಮುಟ್ಟದಿದ್ದರೂ ಪೆಟ್ಟು ಅಷ್ಟೇ. ಕತ್ತರಿಸಿದ ತಗಡಿನ ಅಂಚಿನ ಮೇಲೆ ಹಗ್ಗ ಉಜ್ಜದಂತೆ ರಬ್ಬರ್ ಟ್ಯೂಬನ್ನೋ ಗೋಣಿಯ ಮಡಿಕೆಯನ್ನೋ ಇಡಿ.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಳೆಯ ಸಿಮೆಂಟ್ ಶೀಟು ಮತ್ತು ಬೆಳಕಿಗೆಂದು ನಡುವೆ ಹಾಕಿದ ಫೈಬರ್ ಶೀಟು ಮನುಷ್ಯನ ಭಾರವನ್ನು ತಡೆಯುವುದಿಲ್ಲ. ಪಾಚಿ, ಧೂಳು ಕೂತ ಮೇಲೆ ಫೈಬರ್ ಶೀಟು ಯಾವುದು, ಉಳಿದದ್ದು ಯಾವುದು ಎಂದು ಮೇಲಿನಿಂದ ಗೊತ್ತಾಗುವುದೂ ಇಲ್ಲ. ಒಳಗೆ ಹೋಗಿ ಕೆಳಗಿನಿಂದ ನೋಡಿ, ಮೇಲೆ ಬಣ್ಣದಲ್ಲಿ ಗುರುತಿಸಿ, ಪರ್ಲಿನ್‌ಗಳ ಮೇಲೆ ಅಡ್ಡಲಾಗಿ ಹಲಗೆ ಹಾಕಿಯೇ ನಡೆಯಲು ಹೇಳಿ.

ಪ್ರಶ್ನೆ: ನನ್ನ ಮಗ ಮೊಬೈಲ್ ಟವರಿನ ಕೆಲಸಕ್ಕೆ ಹೋಗುತ್ತಾನೆ. ಬೆಲ್ಟಿನಲ್ಲಿ ನೇತಾಡುತ್ತಾ ಉಳಿದರೂ ಜೀವಕ್ಕೆ ಅಪಾಯ, ಕೆಳಗಿಳಿಸಿದ ಕೂಡಲೇ ಮಲಗಿಸಬಾರದು ಎಂದು ಅವನ ಜೊತೆಯವರು ಹೇಳುತ್ತಾರಂತೆ. ನಿಜವೇ?
— ತಾಯಿಯೊಬ್ಬರು, ಸಾಗರ

ಉತ್ತರ: ಮೊದಲನೆಯದು ನಿಜ. ಅಲುಗಾಡದೆ ನೇತಾಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವುದಿಲ್ಲ. ರಕ್ತ ಕಾಲುಗಳಲ್ಲೇ ನಿಂತು ಹೃದಯಕ್ಕೆ, ಮಿದುಳಿಗೆ ಹೋಗುವುದು ಕಡಿಮೆಯಾಗುತ್ತದೆ. ತಲೆ ಸುತ್ತು, ವಾಕರಿಕೆ, ಬೆವರು ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳಬಹುದು. ನೆಲದ ಮೇಲೆ ತಲೆ ಸುತ್ತಿದವರು ಉರುಳಿ ಬೀಳುತ್ತಾರೆ, ಹಾಗೆ ಅಡ್ಡವಾದುದರಿಂದಲೇ ಚೇತರಿಸಿಕೊಳ್ಳುತ್ತಾರೆ. ಹಾರ್ನೆಸ್ಸಿನಲ್ಲಿ ಎಚ್ಚರ ತಪ್ಪಿದವರು ಮಾತ್ರ ನೆಟ್ಟಗೇ ನೇತಾಡುತ್ತಿರುತ್ತಾರೆ. ಎಚ್ಚರವಿದ್ದರೆ ಕಾಲುಗಳನ್ನು ಸೈಕಲ್ ತುಳಿದಂತೆ ಆಡಿಸುತ್ತಿರಬೇಕು. ಹಾರ್ನೆಸ್ಸಿಗೆ ಸಿಕ್ಕಿಸಿಡುವ, ಕಾಲಿಟ್ಟು ನಿಲ್ಲುವ ಪಟ್ಟಿಗಳು ಸಿಗುತ್ತವೆ. ಮಗನಿಗೆ ಕೇಳಿ ತೆಗೆಸಿಕೊಳ್ಳಲು ಹೇಳಿ.

ಎರಡನೆಯ ಮಾತನ್ನು ಬಹುಕಾಲ ತರಬೇತಿಗಳಲ್ಲೂ ಹೇಳುತ್ತಿದ್ದರು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಗಾಗಿ 2009ರಲ್ಲಿ ನಡೆದ ಪರಿಶೀಲನೆಯಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಕೆಳಗಿಳಿಸಿದವರಿಗೆ ಬೇರೆ ಯಾವುದೇ ಪ್ರಜ್ಞೆ ತಪ್ಪಿದವರಿಗೆ ಮಾಡುವ ಪ್ರಥಮ ಚಿಕಿತ್ಸೆಯನ್ನೇ ಮಾಡಬೇಕು: ಮಲಗಿಸಿ ಉಸಿರಾಟ ನೋಡುವುದು, ಬೆನ್ನು–ಕುತ್ತಿಗೆಗೆ ಪೆಟ್ಟಾಗಿರಬಹುದು ಎಂದು ತಿಳಿದು ಅಲುಗಾಡಿಸದಿರುವುದು, 108ಕ್ಕೆ ಕರೆ ಮಾಡುವುದು. ಬಲವಂತವಾಗಿ ಕೂರಿಸಿಡುವುದರಿಂದ ಮಿದುಳಿಗೆ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ.

ಆದರೆ ಕೆಳಗಿಳಿಸುವವರು ಯಾರು ಎಂಬುದನ್ನು ಕೆಲಸಕ್ಕೆ ಮುಂಚೆಯೇ ಕೇಳಬೇಕು. ಆಂಬ್ಯುಲೆನ್ಸ್ ಘಟ್ಟದ ದಾರಿಯಲ್ಲಿ ಬಂದು ತಲುಪುವಷ್ಟು ಹೊತ್ತು ಮೇಲಿರುವವರಿಗೆ ಇರುವುದಿಲ್ಲ. ಬಂದ ಮೇಲೂ ಅದರಲ್ಲಿರುವವರು ಟವರ್ ಹತ್ತುವವರಲ್ಲ. ಹಾಗಾಗಿ ಟವರಿನಲ್ಲಾಗಲಿ ತೋಟದಲ್ಲಾಗಲಿ ಒಬ್ಬರೇ ಹತ್ತಬಾರದು. ಇಳಿಸುವ ಹಗ್ಗ, ರಾಟೆ ಮತ್ತು ಅದನ್ನು ಬಳಸಿ ಗೊತ್ತಿರುವ ಎರಡನೆಯವರು ಅಲ್ಲಿಯೇ ಇರಬೇಕು. ಮೊಬೈಲ್ ಸಿಗ್ನಲ್ ಇಲ್ಲದ ಕಾನಿನಂಚಿನ ತೋಟಗಳಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಬೆಳಿಗ್ಗೆಯೇ ನೋಡಿಟ್ಟುಕೊಳ್ಳುವುದೂ ಈ ತಯಾರಿಯ ಭಾಗವೇ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಹಂಚಿನ ಮನೆ. ಪ್ರತಿವರ್ಷ ಒಡೆದ ಹಂಚನ್ನು ನಾನೇ ಹತ್ತಿ ಬದಲಿಸುತ್ತೇನೆ. ಹಾರ್ನೆಸ್ ಕೊಂಡರೆ ಅದನ್ನು ಕಟ್ಟಲು ಏನಿದೆ?
— ಓದುಗರು, ಹೊಸನಗರ

ಉತ್ತರ: ಹಂಚಿನ ಕೆಳಗಿನ ರೀಪಿಗೂ ಪಕಾಸಿಗೂ ಕಟ್ಟುವಂತಿಲ್ಲ, ಗೆದ್ದಲು ಎಲ್ಲಿ ತಿಂದಿದೆಯೋ ತಿಳಿಯದು. ನೆತ್ತಿಯ ಮೇಲಿಂದ ಹಗ್ಗವನ್ನು ಆಚೆ ಮಗ್ಗುಲಿಗೆ ದಾಟಿಸಿ, ಅಲ್ಲಿರುವ ಗಟ್ಟಿಯಾದ ಹಲಸಿನ ಮರದಂಥದರ ಬುಡಕ್ಕೆ ಕಟ್ಟಿ, ಈಚೆ ಮಗ್ಗುಲಿನಲ್ಲಿ ನೀವು ಹಾರ್ನೆಸ್ ಹಾಕಿಕೊಂಡು ಕೆಲಸ ಮಾಡಬಹುದು. ಹಗ್ಗ ನೆತ್ತಿಯಲ್ಲಿ ಹಾಯುವ ಕಡೆ ಗೋಣಿ ಮಡಿಸಿ ಇಡಿ, ಸಡಿಲು ಬಿಡಬೇಡಿ, ಅಂಚು ಮುಟ್ಟದಷ್ಟೇ ಉದ್ದ ಕೊಡಿ. ಕಾರಿಗೋ ಪಿಕಪ್ಪಿಗೋ ಕಟ್ಟುವ ಅಭ್ಯಾಸ ಕೆಲವೆಡೆ ಇದೆ. ಮನೆಯವರು ಯಾರಾದರೂ ಪೇಟೆಗೆಂದು ಗಾಡಿ ಸ್ಟಾರ್ಟ್ ಮಾಡಿದರೆ ಏನಾಗುತ್ತದೆ ಎಂದು ಯೋಚಿಸಿ.

ಹಂಚಿನ ಮೇಲೆ ನೇರ ಕಾಲಿಡದೆ, ನೆತ್ತಿಗೆ ಕೊಕ್ಕೆ ಹಾಕಿ ಕೆಳಕ್ಕೆ ಇಳಿಬಿಟ್ಟ ಏಣಿಯ ಮೇಲೆ ಸರಿಯಬೇಕು. ಹತ್ತುವ ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಹೊರಗೆ ಬರುವ ಹಾಗೆ ಒರಗಿಸಿ. ಸೂರಿನಿಂದ ಮೂರು ಅಡಿ ಮೇಲಕ್ಕೆ ಚಾಚಿರಲಿ, ಮೇಲ್ತುದಿಯನ್ನು ಕಟ್ಟಿರಲಿ. ಒಳಗಿನಿಂದಲೇ ಬದಲಿಸಬಹುದಾದ ಹಂಚಿಗೆ ಮೇಲೆ ಹತ್ತಲೇಬೇಡಿ: ಅಟ್ಟದ ಮೇಲೆ ನಿಂತು, ಮೇಲಿನ ಸಾಲನ್ನು ಕೋಲಿನಿಂದ ಎತ್ತಿ ಒಡೆದದ್ದನ್ನು ಎಳೆದುಕೊಂಡು ಹೊಸದನ್ನು ತೂರಿಸುವುದು ನಿಮ್ಮ ಊರಿನಲ್ಲಿ ಗೊತ್ತಿರುವವರು ಇದ್ದೇ ಇರುತ್ತಾರೆ. ಮೊದಲ ಮಳೆ ಬಿದ್ದ ಮೇಲೆ ನೆನಪಾದ ಸೋರಿಕೆಗೆ ಹಂಚು ಒಣಗುವವರೆಗೆ ಪಾತ್ರೆ ಇಟ್ಟುಕೊಳ್ಳಿ.

ಪ್ರಶ್ನೆ: ಕೊನೆಗಾರರಿಗೆ, ಗಾರೆ ಕೆಲಸದವರಿಗೆ ಅಪಘಾತ ವಿಮೆ ಯಾವುದಿದೆ? ಮಾಲೀಕರು ಮಾಡಿಸಬಹುದೇ?
— ಓದುಗರು, ಭದ್ರಾವತಿ

ಉತ್ತರ: ಬ್ಯಾಂಕ್ ಅಥವಾ ಅಂಚೆ ಖಾತೆ ಇರುವ, 18ರಿಂದ 70 ವರ್ಷದೊಳಗಿನ ಯಾರೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. 2015ರಲ್ಲಿ ಶುರುವಾದ ಈ ವಿಮೆಯ ಕಂತು 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ಸಿಗುತ್ತದೆ. ಕೈಕಾಲು ಮುರಿದು ಆರು ತಿಂಗಳು ಮಲಗಿ ಎದ್ದವರಿಗೆ ಇದರಿಂದ ಏನೂ ಬರುವುದಿಲ್ಲ, ಆಸ್ಪತ್ರೆಯ ಖರ್ಚೂ ಇದರಲ್ಲಿಲ್ಲ. ಆದ್ದರಿಂದ ವಾರದ ಆದಾಯ ಮತ್ತು ಚಿಕಿತ್ಸೆಯ ಖರ್ಚು ಭರಿಸುವ ವೈಯಕ್ತಿಕ ಅಪಘಾತ ಪಾಲಿಸಿಯನ್ನು ಮಾಲೀಕರು ಬೇರೆಯಾಗಿ ಮಾಡಿಸುವುದು ಒಳ್ಳೆಯದು. ಮಾಡಿಸುವಾಗ ಮರ ಹತ್ತುವ ಕೆಲಸವೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಸಿ, 'ಕೃಷಿ ಕೂಲಿ' ಎಂದಷ್ಟೇ ಬರೆಸಿದರೆ ಪರಿಹಾರ ಕೇಳುವ ದಿನ ತಕರಾರು ಬರುತ್ತದೆ.

ಗಾರೆ, ಪೇಂಟಿಂಗ್, ಸಾರುವೆ ಕೆಲಸದವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ನಿರ್ಮಾಣದ ಕೆಲಸ ಮಾಡಿರಬೇಕು. ಕೊನೆ ಕೊಯ್ಲು ನಿರ್ಮಾಣದ ಕೆಲಸವಲ್ಲವಾದ್ದರಿಂದ ಕೊನೆಗಾರರಿಗೆ ಈ ದಾರಿ ಇಲ್ಲ. ಸುರಕ್ಷಾ ಬಿಮಾದ ಅವಧಿ ಪ್ರತಿವರ್ಷ ಜೂನ್ 1ಕ್ಕೆ ಹೊಸತಾಗುತ್ತದೆ, ಕಂತು ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಔಷಧಿ ಹೊಡೆಯುವ ಕೆಲಸ ಬಿರುಸಾಗುವುದೂ ಆ ದಿನಗಳಲ್ಲೇ ಆದ್ದರಿಂದ, ಮೇ ತಿಂಗಳ ಕೊನೆಯಲ್ಲಿ ನಿಮ್ಮ ಕೆಲಸಗಾರರ ಖಾತೆಯಲ್ಲಿ ಆ 20 ರೂಪಾಯಿ ಇದೆಯೇ ಎಂದು ಪಾಸ್‌ಬುಕ್ ತರಿಸಿ ನೋಡಿ, ಇಲ್ಲದಿದ್ದರೆ ನೀವೇ ತುಂಬಿಬಿಡಿ.